ಅವಸರದ ತೊಟ್ಟಿಲು

ಉಡುಗೊರೆ ಕೊಡುವುದರಲ್ಲಿ ಬಹಳ ಸುಖವಿದೆ ಎಂದು ಹೇಳುವ ಮಂದಿ ತಮ್ಮ ಜನ್ಮದಲ್ಲಿ ಬೀಗರಿಗೆ ಏನನ್ನೂ ಕೊಟ್ಟಿರಲಿಕ್ಕಿಲ್ಲ. ಕೊಟ್ಟಿದ್ದರೂ ಶಲವಡಿಯ ಕುಬೇರಪ್ಪನಂಥ ಬೀಗರಿಗೆ ಕೊಟ್ಟಿರಲಿಕ್ಕಿಲ್ಲ. ನಮ್ಮ ಬಾಜೂ ಮನೆಯ ಮಡಿವಾಳೆಪ್ಪ ಕೊಟ್ಟಿದ್ದ. ಆ ಸುಖವನ್ನು ಅವನೊಬ್ಬನೇ ಉಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ನಡುವೆ ನನ್ನ ಕೊಟ್ಟಿಗೆ ಬಂತು, ನನ್ನ ಮನೆಯ ರುಬ್ಬುವ ಕಲ್ಲು ಬಂತು, ರೊಟ್ಟಿಗೆ ನಾನು ದಿನಾ ಹಚ್ಚಿಕೊಳ್ಳುವ ಕೆಂಪು ಖಾರಕ್ಕೂ ಕುತ್ತು ಬಂತು. ಅದಕ್ಕೇ ಹೇಳಬೇಕಾಗಿದೆ.

ನಮ್ಮ ಸಂಶಿಯಲ್ಲಿ ಮಡಿವಾಳೆಪ್ಪನಷ್ಟು ಅಂಜುವ ಗಂಡಸು ಇನ್ನೊಬ್ಬನಿಲ್ಲ. ಬಸ್ಸು ತಪ್ಪೀತೆಂದು ಅಂಜಿ ಹಿಂದಿನ ಬಸ್ಸು ಹೋಗುವ ಮೊದಲೇ ಸ್ಟ್ಯಾಂಡಿನಲ್ಲಿ ಹೋಗಿ ಕೂಡುತ್ತಿದ್ದ. ಆಮೇಲೆ ತಪ್ಪು ಬಸ್ಸು ಹತ್ತುತ್ತಿದ್ದ. ಇಂಥವನು ತನ್ನ ಒಬ್ಬಳೇ ಮಗಳು ಕಸ್ತೂರೆವ್ವನನ್ನು ಶಲವಡಿಯ ಕುಬೇರಪ್ಪನ ಮಗನಿಗೆ ಕೊಟ್ಟ. ಕುಬೇರಪ್ಪ ಕೆಮ್ಮಿದರೆ ಎತ್ತು ಎದ್ದು ನಿಲ್ಲುತ್ತವೆ ಎಂದು ಆ ಕಡೆ ಮಂದಿ ಹೇಳುತ್ತಾರೆ. ಮದುವೆಯಲ್ಲಿ ಬೀಗರಿಗೆ ಬಟ್ಟೆ ಉಡಿಸುವ ಆಯೇರಿಯ ಹೊತ್ತಿಗೆ ಮಡಿವಾಳೆಪ್ಪ ಕೊಟ್ಟ ತಲೆಗೆ ಸುತ್ತುವ ಪಟಗ ಕುಬೇರಪ್ಪನಿಗೆ ಸಾಲಲಿಲ್ಲ. ಪಟಗ ಗಿಡ್ಡವೋ ತಲೆ ದೊಡ್ಡದೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಕುಬೇರಪ್ಪ ಅದನ್ನು ಮರೆಯುವವನಲ್ಲ.

ಪಂಚಾಯ್ತಿಗೆ ಟಿ.ವಿ. ಬಂದ ವರ್ಷ ಕಸ್ತೂರೆವ್ವ ಬಸುರಾದಳು. ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಬೀಗರು ನಮ್ಮೂರಿಗೆ ಬಂದರು. ಉಂಡು, ಎಲೆಯಡಿಕೆ ಹಾಕಿಕೊಂಡು, ಕುಬೇರಪ್ಪ ಎಲ್ಲರೆದುರು ಬಾಯಿ ತೆಗೆದ.

"ಬೀಗಾ, ನೀ ಕೊಟ್ಟ ಪಟಗಾ ಸುತಗೊಂಡು ಅಣ್ಣಿಗೇರಿ ಸಂತಿಗೆ ಹೋಗಿದ್ನಿ. ಕಂಡ ಕಂಡವರೆಲ್ಲಾ, ತಲಿಗೆ ಪೆಟ್ಟ ಆಗೇತೇನ್ರಿ, ಪಟ್ಟಿ ಕಟಗೊಂಡೀರಲ್ಲ ಅಂತ ಕೇಳಿದ್ರು."

ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮಡಿವಾಳೆಪ್ಪನ ಮುಖ ಕೆಂಪಾಯಿತು. ಅಂಜುಬುರುಕರಿಗೆ ಒಮ್ಮೊಮ್ಮೆ ಧೈರ್ಯದ ಜ್ವರ ಬರುತ್ತದೆ, ಅವನಿಗೂ ಬಂತು.

"ಬೀಗ್ರ, ಈ ಸಲ ನೋಡ್ರಿ. ಕೂಸಿಗೆ ಕಲಘಟಗಿ ತೊಟ್ಟಿಲಾ ಕೊಡ್ತೀನಿ. ಸಾಯೂತನಾ ನೆನಸಬೇಕು ನೀವು!"

"ಬಸರ ಹೆಣ್ಮಗಳ ಮುಂದ ಎಂಥಾ ಮಾತಾಡ್ತೀಯೋ!" ಎಂದು ಒಳಗಿನಿಂದ ಅವನ ಸೋದರತ್ತೆ ರೇವವ್ವ ಗದರಿದಳು. ಆ ಮುದುಕಿಗೆ ಗೊತ್ತಿಲ್ಲದ ಶಕುನವಿಲ್ಲ. ಹಲ್ಲಿ ಕೂಡ ಅವಳನ್ನು ಕೇಳಿಯೇ ಲೊಚಗುಡುತ್ತದೆ ಎಂದು ನಮ್ಮ ಓಣಿಯಲ್ಲಿ ನಂಬಿಕೆ.

ಕುಬೇರಪ್ಪ ಮೀಸೆ ಒರೆಸಿಕೊಂಡ. "ನೋಡೂಣು. ತೊಟ್ಟಿಲಾ ಬಂತೋ, ಪಟಗಾ ಮರೀತೀನಿ. ಬರಲಿಲ್ಲೋ, ನನ್ನ ಸೊಸಿ ತವರಮನಿ ಮರೀಬೇಕಾಗತೈತಿ. ತಿಳ್ಕೋ."

ಈಗ ಯಾರೂ ನಗಲಿಲ್ಲ. ಮಡಿವಾಳೆಪ್ಪನ ಹೆಂಡತಿ ಗುರವ್ವ ಬಾಗಿಲ ಹಿಂದೆ ನಿಂತು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಕಲಘಟಗಿ ತೊಟ್ಟಿಲೆಂದರೆ ಸಂತೆಯಲ್ಲಿ ಸಿಗುವ ಬದನೆಕಾಯಿಯಲ್ಲ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ನಾಲ್ಕೂ ಮಗ್ಗುಲಿಗೆ ದೇವರ ಚಿತ್ರ. ಹೇಳಿ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಮಡಿವಾಳೆಪ್ಪ ದಿನಾ ನಾಳೆ ಹೋಗುತ್ತೇನೆ ಎನ್ನುತ್ತ, ಹೋದರೆ ಆಗುವುದಿಲ್ಲ ಎಂದಾರೆಂದು ಅಂಜಿ ಹೋಗದೇ ಉಳಿದ. ಹೆರಿಗೆಗೆಂದು ತವರಿನಲ್ಲಿದ್ದ ಮಗಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಾಗ ಎದ್ದು ಓಡಿದ. ಅವನ ಪುಣ್ಯವೋ ಪಾಪವೋ, ಚಿತ್ರಗಾರರ ಮನೆಯಲ್ಲಿ ಯಾರೋ ಹೇಳಿ ಮಾಡಿಸಿ ಬಿಟ್ಟುಹೋದ ತೊಟ್ಟಿಲೊಂದು ತಯಾರಾಗಿ ಕೂತಿತ್ತು. ಅಲ್ಲೇ ಇಟ್ಟು ಬಂದರೆ ಬೇರೆಯವರು ಎತ್ತಿಕೊಂಡು ಹೋದಾರೆಂಬ ಅಂಜಿಕೆ ಹತ್ತಿತು. ಒಂದು ಅಂಜಿಕೆ ಹೆಚ್ಚಾದಾಗ ಇನ್ನೊಂದು ಅಂಜಿಕೆ ಮರೆತುಹೋಗುತ್ತದೆ. ಅವನು ತೊಟ್ಟಿಲನ್ನು ತಲೆಯ ಮೇಲೆ ಹೊತ್ತ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕುಂದಗೋಳದ ಮೇಲೆ ಹಾಯ್ದು, ಸಂಜೆಗೆ ನಮ್ಮ ಓಣಿಗೆ ಬಂದು, "ಗುರವ್ವಾ, ಆರತಿ ತಾ!" ಎಂದು ಕೂಗಿದ.

ಗುರವ್ವ ಹೊರಗೆ ಬಂದಳು, ನೋಡಿದಳು, ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಹಿಡಿದಳು.

"ಒಳಗ ತರಬ್ಯಾಡ್ರಿ!"

"ಯಾಕ? ಭಾರ ಐತಿ, ಕುತ್ತಿಗಿ ಮುರೀತೈತಿ."

"ಕೂಸು ಇನ್ನೂ ಹುಟ್ಟಿಲ್ಲ. ಕೂಸಿಗಿಂತ ಮೊದಲ ತೊಟ್ಟಿಲಾ ಮನಿ ಹೊಕ್ಕತೇನ್ರಿ? ನಿಮಗ ನೆನಪಿಲ್ಲೇನು?"

ಮಡಿವಾಳೆಪ್ಪನಿಗೆ ಆಗ ನೆನಪಾಯಿತು. ನನಗೂ ಆಯಿತು. ಕಸ್ತೂರೆವ್ವನಿಗಿಂತ ಮೊದಲು ಗುರವ್ವನಿಗೆ ಒಂದು ಗಂಡುಮಗು ಆಗಿತ್ತು. ಅವಳ ತವರಿನವರು ಹೆರಿಗೆಗೆ ಮೊದಲೇ ಉಮೇದಿನಿಂದ ತೊಟ್ಟಿಲು ತೂಗು ಹಾಕಿದ್ದರು. ಆ ಕೂಸು ಅದರಲ್ಲಿ ಮಲಗುವಷ್ಟು ದಿನ ಉಳಿಯಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಗುರವ್ವ ಬಾಗಿಲಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.

"ಹಂಗಾರ ಹೊಳ್ಳಿ ಕಲಘಟಗಿಗೆ ಒಯ್ತೀನಿ," ಎಂದ ಮಡಿವಾಳೆಪ್ಪ, ತೊಟ್ಟಿಲ ಕೆಳಗಿನಿಂದ.

"ಬಾಗಲಿಗೆ ಬಂದ ತೊಟ್ಟಿಲಾ ಹೊಳ್ಳಿ ಹೋದರ ಅದರ ಅರ್ಥ ಏನ್ರಿ?" ಎಂದು ಗುರವ್ವ ಅಳುವುದಕ್ಕೇ ಶುರು ಮಾಡಿದಳು.

ಒಳಗೆ ತರುವಂತಿಲ್ಲ, ಹಿಂದೆ ಕಳಿಸುವಂತಿಲ್ಲ. ಓಣಿಯ ಮಂದಿ ಕೂಡಿದರು. ಗುಡಿಯಲ್ಲಿ ಇಡಲು ಪೂಜಾರಿ ಅಂಜಿದ, ಸಾಲೆಯಲ್ಲಿ ಇಡಲು ಮಾಸ್ತರ ಅಂಜಿದ. ಕಡೆಗೆ ರೇವವ್ವ ಕೋಲೂರಿಕೊಂಡು ಬಂದು ತೀರ್ಪು ಕೊಟ್ಟಳು.

"ತಿರಕಪ್ಪನ ಆಕಳು ಮೊನ್ನೆ ಕರು ಹಾಕೇತಿ. ಬಾಣಂತಿ ಇದ್ದ ಜಾಗ, ದೋಷ ತಟ್ಟೂದಿಲ್ಲ. ಅವನ ಕೊಟಗ್ಯಾಗ ತೂಗ ಹಾಕ್ರಿ. ಆದರ ಖಾಲಿ ಇಡಬ್ಯಾಡ್ರಿ. ಖಾಲಿ ತೊಟ್ಟಿಲಾ ತೂಗಬಾರದು. ರುಬ್ಬೂ ಗುಂಡಕಲ್ಲಿಗೆ ಕುಂಚಿಗಿ ಹಾಕಿ ಮಲಗಸ್ರಿ."

ತಿರಕಪ್ಪ ಎಂದರೆ ನಾನೇ. ನನ್ನನ್ನು ಯಾರೂ ಕೇಳಲಿಲ್ಲ.

ಗುಂಡುಕಲ್ಲಿನ ಮಾತು ಅವಳು ಹೊಸದಾಗಿ ಹುಟ್ಟಿಸಿದ್ದಲ್ಲ. ಹೆಸರಿಡುವ ದಿನ ಕೂಸಿಗಿಂತ ಮೊದಲು ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನು ಕಲ್ಲಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸುವುದು ನಮ್ಮ ಕಡೆ ಇದ್ದದ್ದೇ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ರೇವವ್ವ ಅದನ್ನು ತುಸು ಮುಂಚಿತವಾಗಿ ಮಾಡಿಸಿದಳು, ಅಷ್ಟೇ. ಮೇಲೊಂದು ಕಟ್ಟಳೆಯನ್ನೂ ಸೇರಿಸಿದಳು: "ತೊಟ್ಟಿಲಾಗ ಇರೂತನಾ ಅದನ್ನ ಕಲ್ಲು ಅನ್ನಬ್ಯಾಡ್ರಿ. ಕೂಸು ಅನ್ರಿ. ಕಲ್ಲು ಅಂದ್ರ ಮತ್ತ ಖಾಲಿ ಆದಂಗ." ಈ ಒಂದು ಕಟ್ಟಳೆ ಎಷ್ಟು ಮಂದಿಯನ್ನು ಅಳಿಸಿತೆಂಬುದನ್ನು ಮುಂದೆ ಕೇಳಿ.

ಗುರವ್ವನ ಮನೆಯ ಕಲ್ಲು ಸೀಳಿತ್ತು. ಸೀಳಿದ ಕಲ್ಲು ನಡೆಯುವುದಿಲ್ಲವಂತೆ. ಹಾಗಾಗಿ ನಮ್ಮ ಮನೆಯ ಕಲ್ಲು ಹೋಯಿತು. ನನ್ನ ಹೆಂಡತಿ ದೇವಕ್ಕ ಮಾರಿ ಗಂಟು ಹಾಕಿಕೊಂಡೇ ಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಕೆಂಪು ಖಾರ ನಿಂತಿತು. ಕೇಳಿದರೆ, "ಕೂಸು ಎದ್ದಮ್ಯಾಲ ರುಬ್ಬತೀನಿ," ಎನ್ನುತ್ತಿದ್ದಳು. ನಾನು ಒಣರೊಟ್ಟಿ ಅಗಿಯುತ್ತ ಕೊಟ್ಟಿಗೆಯ ಕಡೆ ನೋಡುತ್ತಿದ್ದೆ.

ಮಡಿವಾಳೆಪ್ಪನ ಸ್ಥಿತಿ ನನಗಿಂತ ಕೆಟ್ಟಿತ್ತು. ಹೊತ್ತು ಹೊತ್ತಿಗೆ ಬಂದು ಕಲ್ಲು ಇದೆಯೋ ಇಲ್ಲವೋ ನೋಡುತ್ತಿದ್ದ. ಚಳಿಯ ದಿನ, ಮೊದಲು ಒಂದು ಕೌದಿ ಹೊಚ್ಚಿದ, ಆಮೇಲೆ ಇನ್ನೊಂದು. ಆಕಳು ತೊಟ್ಟಿಲಿಗೆ ಮೂತಿ ತಾಗಿಸಿದರೆ ಇವನಿಗೆ ಮೈ ಬೆವರುತ್ತಿತ್ತು. ಮನೆಯಲ್ಲಿ ಮಗಳು ನಡ ನೋವೆಂದರೆ ಓಡಿಬಂದು, "ಏನಾತೋ ಕೂಸ? ಸರಿ ಮಲಗೀಯಿಲ್ಲ?" ಎಂದು ಕಲ್ಲನ್ನು ಕೇಳುತ್ತಿದ್ದ. ಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅಂಜಿಕೆ ಬರತೊಡಗಿತು.

ಇಂಥದ್ದರಲ್ಲಿ ಇಸ್ಮಾಯಿಲಸಾಬರು ಬಂದರು. ಅಣ್ಣಿಗೇರಿಯ ಬಳೆಗಾರರು. ಮಗಳು ಗೌಸಬಿಯನ್ನು ನಮ್ಮೂರಿಗೆ ಕೊಟ್ಟದ್ದರಿಂದ ಇಲ್ಲಿಗೂ ಬರುತ್ತಿದ್ದರು. ಶಲವಡಿಯೂ ಅವರು ತಿರುಗುವ ಊರೇ. ಬಹಳ ಮೆತ್ತನ್ನ ಮನಸ್ಸಿನ ಮನುಷ್ಯ. ದೇವಕ್ಕ ಕೈ ತೊಳೆದುಕೊಂಡು ಬರುತ್ತೇನೆಂದು ಒಳಗೆ ಹೋದಾಗ ಅವರು ಕೊಟ್ಟಿಗೆಯ ಬಾಗಿಲಲ್ಲಿ ಬಳೆಯ ಮಲಾರ ಇಳಿಸಿದರು. ಮಡಿವಾಳೆಪ್ಪ ಆಗ ಕೌದಿ ಸರಿಮಾಡುತ್ತಿದ್ದ. ನಾನು ಮೇವು ಹಾಕುತ್ತಿದ್ದೆ.

"ಅರೇ, ತೊಟ್ಟಿಲಾ! ಮಗಳು ಹಡದ್ಲೇನ್ರಿ ಮಡಿವಾಳೆಪ್ಪ?"

ಮಡಿವಾಳೆಪ್ಪ ಬೆಚ್ಚಿಬಿದ್ದ. "ಶ್! ಮೆಲ್ಲಕ ಮಾತಾಡ್ರಿ ಸಾಹೇಬ್ರ."

"ಕೂಸು ಮಲಗೇತೇನ್ರಿ?"

ಮಡಿವಾಳೆಪ್ಪ ರೇವವ್ವನನ್ನು ನೆನೆದ. "ಹೂನ್ರಿ. ಕೂಸು... ಮಲಗೇತಿ."

"ಅಗದಿ ಶಾಂತ ಐತಲ್ರಿ. ಅಳೂದಿಲ್ಲೇನು?"

"ಬಂದಾಗಿಂದ ಒಮ್ಮಿನೂ ಅತ್ತಿಲ್ರಿ."

"ಹಾಲು ಕುಡೀತೈತಿ?"

"ಏನೂ ಬೇಡೂದಿಲ್ರಿ. ಇಟ್ಟಲ್ಲೇ ಇರತೈತಿ."

ಇಸ್ಮಾಯಿಲಸಾಬರ ಮುಖ ತುಸು ಬದಲಾಯಿತು. ಕುಂಚಿಗೆಯ ಜಾಲರಿಯೊಳಗೆ ಒಂದು ಬೆರಳು ತೂರಿಸಿ ಕೆನ್ನೆ ಇರಬೇಕಾದ ಜಾಗ ಮುಟ್ಟಿದರು. ಆ ಚಳಿಯಲ್ಲಿ ಕಲ್ಲು ಹೇಗಿರುತ್ತದೆಂದು ಬೇರೆ ಹೇಳಬೇಕೆ? ಅವರು ಬೆರಳು ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ನಾನು ಹೇಳಬೇಕೆಂದು ಬಾಯಿ ತೆಗೆದೆ. ಮಡಿವಾಳೆಪ್ಪ ಕಣ್ಣಿನಲ್ಲೇ ಕೈ ಮುಗಿದ. ಕಲ್ಲೆಂದು ಹೇಳಿ ಆ ಹುಡುಗಿಗೆ ಏನಾದರೂ ಆದರೆ? ನಾನೂ ಬಾಯಿ ಮುಚ್ಚಿದೆ. ನಾನೇನು ದೊಡ್ಡ ಧೈರ್ಯವಂತನಲ್ಲ.

"ಶಲವಡಿಗೆ ಹೇಳೀರೇನ್ರಿ?" ಎಂದರು ಸಾಹೇಬರು, ಕ್ಷೀಣ ದನಿಯಲ್ಲಿ.

"ಅಯ್ಯೋ ಯಪ್ಪಾ! ಅವರಿಗೆ ಗೊತ್ತಾತಂದ್ರ ನನ್ನ ಮಗಳ ಬಾಳು ಹಾಳಾತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರ ಮುಂದೂ ಅನಬ್ಯಾಡ್ರಿ."

ಇಸ್ಮಾಯಿಲಸಾಬರ ಕಣ್ಣು ತುಂಬಿದವು. ಮಲಾರದಿಂದ ಕೂಸಿನ ಕರಿಬಳೆ ತೆಗೆದು ಕೌದಿಯ ಮೇಲಿಟ್ಟರು. ಏನನ್ನೂ ಮಾರದೆ ಎದ್ದು ಹೋದರು. ಬಳೆಗೆಂದು ಕೈ ತೊಳೆದು ಬಂದ ದೇವಕ್ಕ ನನ್ನನ್ನೇ ಬೈದಳು.

"ಎಷ್ಟ ಛಲೋ ಮನಶ್ಯಾ ನೋಡು!" ಎಂದ ಮಡಿವಾಳೆಪ್ಪ. "ಪುಕಟ ಬಳಿ ಕೊಟ್ಟ ಹೋದ."

ಛಲೋ ಮನುಷ್ಯ, ಆ ಮಾತು ನಿಜ. ಅಷ್ಟು ಛಲೋ ಮನುಷ್ಯನ ಹೊಟ್ಟೆಯಲ್ಲಿ ಅಷ್ಟು ದೊಡ್ಡ ದುಃಖ ನಿಲ್ಲಲಿಲ್ಲ. ಶಲವಡಿ ಮುಟ್ಟುವತನಕ ತಡೆದುಕೊಂಡರಂತೆ. ಕುಬೇರಪ್ಪ ಎದುರಾಗಿ, "ಏನ್ ಸಾಹೇಬ್ರ, ಸಂಶಿ ಕಡೆ ಸುದ್ದಿ ಏನು?" ಎಂದಾಗ ಮಲಾರ ಕೆಳಗಿಟ್ಟು ಅತ್ತೇಬಿಟ್ಟರಂತೆ. ಕೂಸು ಹುಟ್ಟಿತ್ತು, ಉಳಿಯಲಿಲ್ಲ, ನಿಮ್ಮ ಬೀಗರಿಗೆ ತಲೆ ಕೆಟ್ಟು ಅದನ್ನು ಮಣ್ಣಿಗೆ ಕೊಡದೆ ತೂಗುತ್ತ ಕೂತಿದ್ದಾರೆ ಎಂದರಂತೆ.

ಮರುದಿನ ಮಧ್ಯಾಹ್ನ ನಮ್ಮ ಓಣಿಯ ಬಾಯಿಗೆ ಹತ್ತಿ ಹೇರುವ ಲಾರಿಯೊಂದು ಬಂದು ನಿಂತಿತು. ಅದರ ತುಂಬ ಶಲವಡಿಯ ಮಂದಿ. ಹೆಂಗಸರ ತಲೆಯಲ್ಲೆಲ್ಲ ಹತ್ತಿ ಸಿಕ್ಕಿಕೊಂಡಿತ್ತು. ಮುಂದೆ ಕುಬೇರಪ್ಪ, ಬರಿದಲೆಯಲ್ಲಿ.

ಮಡಿವಾಳೆಪ್ಪ ಕಟ್ಟೆಯ ಮೇಲಿಂದ ನೋಡಿದ. ಅವನ ತಲೆಗೆ ಹೊಳೆದದ್ದು ಒಂದೇ. "ತಿರಕಪ್ಪಾ, ಸತ್ನ್ಯೋ! ತೊಟ್ಟಿಲಾ ಮುಂಚೇಕ ತಂದದ್ದು ಗೊತ್ತಾಗೇತಿ. ಮಂದಿ ಕಟಗೊಂಡು ಜಗಳಕ್ಕ ಬಂದಾನ. ಕಸ್ತೂರಿನ್ನ ಈ ಮನಿ ಮೆಟ್ಟಗೊಡೂದಿಲ್ಲ ಇನ್ನ. ನಾ ಊರಾಗಿಲ್ಲ ಅನ್ನು!" ಎಂದವನೇ ನನ್ನ ಕೊಟ್ಟಿಗೆಯೊಳಗೆ ಓಡಿ ಮೇವಿನ ರಾಶಿಯಲ್ಲಿ ತಲೆ ತೂರಿಸಿದ. ಕಾಲು ಹೊರಗೇ ಉಳಿದವು.

ಕುಬೇರಪ್ಪ ನನ್ನ ಮುಂದೆ ಬಂದು ನಿಂತ. ಮಡಿವಾಳೆಪ್ಪ ಕಲಿಸಿದ್ದನ್ನೇ ನಾನು ಹೇಳಿದೆ.

"ಮಡಿವಾಳೆಪ್ಪ ಊರಾಗಿಲ್ರಿ."

"ಕೇಳೀನಿ ತಮ್ಮಾ. ಅವನ ಬುದ್ಧಿ ಈ ಲೋಕದಾಗ ಇಲ್ಲಂತ." ಆ ದೊಡ್ಡ ದನಿ ಒಡೆದಿತ್ತು. "ಕೂಸು ಎಲ್ಲೈತಿ?"

ನನಗೆ ಏನೂ ತಿಳಿಯಲಿಲ್ಲ. ಬೆರಳು ತಾನೇ ಕೊಟ್ಟಿಗೆಯ ಕಡೆ ಹೋಯಿತು. ಕುಬೇರಪ್ಪ ಒಳಗೆ ಹೊಕ್ಕ, ಹಿಂದೆ ಹೆಂಗಸರು ಹೊಕ್ಕರು. ಆಕಳು ಬೆದರಿ ಗೋಡೆಗೆ ಒತ್ತಿ ನಿಂತಿತು. ಅವನು ಬಗ್ಗಿ ಕೌದಿಗಳ ಸಮೇತ ಕಲ್ಲನ್ನು ಎತ್ತಿಕೊಂಡ.

"ಶಿವನ! ಎಷ್ಟ ಭಾರ ಅದಾನೋ ನನ್ನ ಮೊಮ್ಮಗಾ! ಎಂಥಾ ಗಟ್ಟಿ ಮೈಯೋ! ಬದಕಿದ್ರ ಪೈಲವಾನ ಆಗ್ತಿದ್ದೆಲ್ಲೋ ನನ್ನಪ್ಪಾ!"

ಹೆಂಗಸರು ಬಾಯಿ ಬಡಿದುಕೊಂಡರು. ಆ ಗದ್ದಲಕ್ಕೆ ಮೇವು ಅಲುಗಾಡಿ ಮಡಿವಾಳೆಪ್ಪ ಹೊರಬಿದ್ದ. ಬಂದವನೇ ಬೀಗರ ಕಾಲು ಹಿಡಿದ.

"ತಪ್ಪಾತ್ರಿ ಬೀಗ್ರ! ಅವಸರ ಆತು! ಇನ್ನೂ ಟೈಮ್ ಇತ್ತು, ನಾನ ಗಡಿಬಿಡಿ ಮಾಡೀನಿ!"

"ಅದಕ ನೀ ಏನ್ ಮಾಡ್ತೀಯೋ ಹುಚ್ಚಾ," ಎಂದು ಕುಬೇರಪ್ಪ ಒಂದು ಕೈಯಲ್ಲಿ ಕಲ್ಲು ಹಿಡಿದು ಇನ್ನೊಂದು ಕೈಯಲ್ಲಿ ಅವನನ್ನು ಎತ್ತಿ ಅಪ್ಪಿಕೊಂಡ. "ಮುಂಚೇಕ ಬರೂದು ನಮ್ಮ ಕೈಯಾಗ ಐತೇನು? ನನ್ನ ಸೊಸಿ ಹೆಂಗದಾಳ ಅದನ್ನ ಹೇಳು. ಅಕಿ ಉಳದ್ರ ಸಾಕು. ಪಟಗಾ ಹಾಳಾಗಿ ಹೋಗಲಿ, ತೊಟ್ಟಿಲಾ ಹಾಳಾಗಿ ಹೋಗಲಿ. ಅಕಿ ಹೆಂಗದಾಳೋ?"

ಈ ಕರುಣೆಯನ್ನು ಕಂಡು ಮಡಿವಾಳೆಪ್ಪ ಮತ್ತಷ್ಟು ಅಂಜಿದ. ಬೀಗರು ಬೈದರೆ ಅವನಿಗೆ ರೂಢಿ. ಅಪ್ಪಿಕೊಂಡರೆ ಏನು ಮಾಡಬೇಕೆಂದು ಗೊತ್ತಿಲ್ಲ.

ಅಷ್ಟರಲ್ಲಿ ಅಳುವ ದನಿ ಕೇಳಿ ಕಸ್ತೂರೆವ್ವ ತನ್ನ ತುಂಬಿದ ಹೊಟ್ಟೆ ಮುಂದೆ ಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮೆಲ್ಲಗೆ ನಡೆಯುತ್ತ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ಗುರವ್ವ.

"ಯಾಕ್ರಿ ಮಾವಾರ? ಯಾರಿಗೆ ಏನಾತ್ರಿ?"

ಎತ್ತಿದ ಅಳು ಎತ್ತಿದಲ್ಲೇ ನಿಂತಿತು. ಕುಬೇರಪ್ಪ ಸೊಸೆಯ ಮುಖ ನೋಡಿದ, ಹೊಟ್ಟೆ ನೋಡಿದ, ತನ್ನ ತೋಳು ನೋಡಿಕೊಂಡ. ಮೆಲ್ಲಗೆ ಕುಂಚಿಗೆ ಸರಿಸಿದ. ಕರಿಯ ಕಲ್ಲು, ಅದರ ನೆತ್ತಿಯಲ್ಲಿ ಒಣಗಿದ ಮೆಣಸಿನಕಾಯಿ ಸಿಪ್ಪೆ.

"ಇದೇನಿದು?"

ದೇವಕ್ಕ ಮುಂದೆ ಬಂದು ಹೇಳಿದಳು: "ನಮ್ಮ ಮನಿ ರುಬ್ಬೂ ಕಲ್ಲರಿ ಯಜಮಾನ್ರ. ಸ್ವಲ್ಪ ನೋಡ್ಕೊಂಡು ಹಿಡೀರಿ."

ಶಲವಡಿಯ ಕುಬೇರಪ್ಪ ಊರ ಮಂದಿಯೆದುರು ಒಂದು ಕಲ್ಲನ್ನು ಎದೆಗವಚಿಕೊಂಡು ಅತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತು. ಕಲ್ಲು ಮಡಿವಾಳೆಪ್ಪನ ತಲೆಗೋ ನನ್ನ ತಲೆಗೋ ಎಂದು ನಾನು ಲೆಕ್ಕ ಹಾಕುತ್ತ ಆಕಳ ಹಿಂದೆ ಸರಿದೆ. ಮಡಿವಾಳೆಪ್ಪ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒದರಿಬಿಟ್ಟ. ಕಲಘಟಗಿ, ಬಸ್ಸು, ಬಾಗಿಲು, ರೇವವ್ವ, ಗುರವ್ವನ ಮೊದಲ ಕೂಸು.

ಕುಬೇರಪ್ಪ ಗುರವ್ವನ ಕಡೆ ನೋಡಿದ. ಆಮೇಲೆ ತೊಟ್ಟಿಲ ಕಡೆ ನೋಡಿದ. ಅವನೇ ಕಲ್ಲೆತ್ತಿದ ರಭಸಕ್ಕೆ ಅದು ಇನ್ನೂ ಓಲಾಡುತ್ತಿತ್ತು, ಖಾಲಿ. ಎತ್ತುಗಳನ್ನು ಕೆಮ್ಮಿ ಎಬ್ಬಿಸುವ ಆ ಮನುಷ್ಯನ ಮುಖ ಬಿಳಿಚಿಕೊಂಡಿತು.

"ಸರೀರಲೇ! ಖಾಲಿ ತೂಗಾಕತ್ತೈತಿ! ಸರೀರಿ!" ಎಂದು ಹೆಂಗಸರನ್ನು ದಬ್ಬಿ ಹೋಗಿ ಕಲ್ಲನ್ನು ಮಲಗಿಸಿದ. ಕುಂಚಿಗೆ ಕಟ್ಟಿದ. ಎರಡೂ ಕೌದಿ ಹೊಚ್ಚಿದ. ಬೆವರು ಒರೆಸಿಕೊಂಡು ಬೀಗನ ಕಡೆ ತಿರುಗಿದ. "ಇಂಥಾ ಅಂಜುಬುರಕನ ಕೈಯಾಗ ನನ್ನ ಮೊಮ್ಮಗನ್ನ ಬಿಟ್ಟು ನಾ ಹೋಗಂಗಿಲ್ಲ. ಹಡಿಯೂತನಾ ಇಲ್ಲೇ ಇರ್ತೀನಿ."

ಮಡಿವಾಳೆಪ್ಪ ಜೀವನದಲ್ಲಿ ಅಂಜಿದ್ದೆಲ್ಲದರಲ್ಲಿ ಇದೇ ದೊಡ್ಡದು. ಬೀಗರು ಉಂಡು ಹೋಗುವವರಲ್ಲ, ಉಳಿಯುವವರು! ಲಾರಿ ಶಲವಡಿಗೆ ಹೋಯಿತು, ಕುಬೇರಪ್ಪ ನನ್ನ ಕೊಟ್ಟಿಗೆಯಲ್ಲಿ ಉಳಿದ. ಹಗಲು ಅವನು ತೂಗಿದರೆ ಸಂಜೆ ಇವನು ತೂಗಬೇಕು. ಕೌದಿ ಒಂದು ಸಾಕೋ ಎರಡು ಬೇಕೋ ಎಂದು ಇಬ್ಬರಿಗೂ ಜಗಳ. ಒಂದು ದಿನ ಕುಬೇರಪ್ಪ ತೊಟ್ಟಿಲನ್ನು ಸುತ್ತಿ ಸುತ್ತಿ ನೋಡಿ, ಬೆರಳಿನಿಂದ ಬಣ್ಣ ಸವರಿ, "ಇದೇನ ಗಿಡ್ಡ ಇಲ್ಲ ಬಿಡು," ಎಂದ. ಮಡಿವಾಳೆಪ್ಪ ಆ ಹೊತ್ತು ಎರಡು ರೊಟ್ಟಿ ಹೆಚ್ಚು ಉಂಡ. ನಾನು ಖಾರವಿಲ್ಲದೆ ಉಂಡೆ.

ಒಂದು ಬೆಳಿಗ್ಗೆ ಕಸ್ತೂರೆವ್ವನಿಗೆ ಹೆರಿಗೆಯ ಬ್ಯಾನಿ ಶುರುವಾಯಿತು. ಸೂಲಗಿತ್ತಿ ಬಂದಳು, ಬಾಗಿಲು ಮುಚ್ಚಿತು. ನಾವು ಮೂವರು ಗಂಡಸರು ಕೊಟ್ಟಿಗೆಯಲ್ಲಿ ಕೂತೆವು. ಗೋಡೆಯಾಚೆ ಹುಡುಗಿ ಚೀರಿದಾಗಲೆಲ್ಲ ಇಬ್ಬರು ಬೀಗರೂ ತೊಟ್ಟಿಲಿಗೆ ಕೈ ಹಚ್ಚಿ ಕಲ್ಲನ್ನು ಜೋರಾಗಿ ತೂಗುತ್ತಿದ್ದರು. ಬಿಸಿಲು ಏರಿತು. ಚೀರಾಟ ಒಮ್ಮೆಲೇ ನಿಂತಿತು. ಅಷ್ಟು ಅಂಜಿಕೆ ನನಗೆ ಎಂದೂ ಆಗಿಲ್ಲ. ಖಾರದ ನೆನಪೂ ಬರಲಿಲ್ಲ. ಮಡಿವಾಳೆಪ್ಪ ಕುಬೇರಪ್ಪನ ಕೈ ಹಿಡಿದಿದ್ದ. ಕುಬೇರಪ್ಪ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕೂಸು ಅತ್ತಿತು. ಓಣಿಯೆಲ್ಲ ಕೇಳುವ ಹಾಗೆ ಅತ್ತಿತು.

"ಹೆಣ್ಣು!" ಎಂದು ರೇವವ್ವ ಕೂಗಿದಳು. "ತಾಯಿ ಮಗಳು ಆರಾಮ ಅದಾರ!"

ಮೊಮ್ಮಗಾ ಮೊಮ್ಮಗಾ ಎನ್ನುತ್ತಿದ್ದ ಕುಬೇರಪ್ಪ ಏನಂದಾನೋ ಎಂದು ಮಡಿವಾಳೆಪ್ಪನಿಗೆ ಹೊಸ ಅಂಜಿಕೆ ಹುಟ್ಟುವಷ್ಟರಲ್ಲಿ, "ಏನ್ ದನಿಲೇ ಬೀಗಾ! ಅಗದಿ ನನ್ನ ದನಿ!" ಎಂದು ಅವನು ಎದ್ದು ಕುಣಿದ.

ಹೆಸರಿಡುವ ದಿನ ತೊಟ್ಟಿಲು ಕಡೆಗೂ ಮಡಿವಾಳೆಪ್ಪನ ಮನೆ ಹೊಕ್ಕಿತು. ಗುರವ್ವನೇ ಆರತಿ ಮಾಡಿ ಒಳಗೆ ಕರೆದುಕೊಂಡಳು. ಪಡಸಾಲೆಯ ತೊಲೆಗೆ ತೂಗುಹಾಕಿ, ಕಲ್ಲನ್ನು ಶಾಸ್ತ್ರಕ್ಕೆ ಮಲಗಿಸಿ ಎತ್ತಿದ ಕೂಡಲೇ ದೇವಕ್ಕ ಕಸಿದುಕೊಂಡು ಮನೆಗೆ ಓಡಿದಳು. ಇನ್ನು ಕೂ‌ಸನ್ನು ಮಲಗಿಸಬೇಕು. ಕೂಸು ಕುಬೇರಪ್ಪನ ತೊಡೆಯ ಮೇಲಿತ್ತು. ಕೊಡು ಎಂದರೆ, "ತಡೀರಿ, ಈಗ ಕಣ್ಣ ಹತ್ಯಾವು," ಎನ್ನುತ್ತಾನೆ. ಮಡಿವಾಳೆಪ್ಪ ಕೂಸಿನ ಒಂದು ಕಾಲು ಹಿಡಿದುಕೊಂಡು ಬಾಜೂ ಕೂತ. ಗುರವ್ವ ಬಗ್ಗಿ ಆ ಇಷ್ಟಗಲದ ಮುಖವನ್ನೇ ನೋಡುತ್ತಿದ್ದಳು. ಬಂದವರೆಲ್ಲ ಕೂಸನ್ನು ನೋಡಲು ನುಗ್ಗಿದರು. ಯಾರದೋ ಭುಜ ತಾಗಿ ತೊಟ್ಟಿಲು ಓಲಾಡತೊಡಗಿತು.

ರೇವವ್ವ ಮೊದಲು ಕಂಡಳು. "ಎವ್ವಾ! ಖಾಲಿ ತೊಟ್ಟಿಲಾ ತೂಗಾಕತ್ತೈತಿ! ಹಿಡೀರ್ಯೋ!"

ಮಡಿವಾಳೆಪ್ಪ ಬೆದರಿ ಎದ್ದ. ನಾನೂ ಎದ್ದೆ. ಕುಬೇರಪ್ಪನೂ ಏಳಹೋದ. ಗುರವ್ವ ಅವನ ತೊಡೆಯ ಮೇಲಿಂದ ಕೂಸನ್ನು ಎತ್ತಿ ತನ್ನ ಎದೆಗೆ ಒತ್ತಿಕೊಂಡಳು. ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ.

"ತೂಗಲಿ ಬಿಡ್ರಿ," ಎಂದಳು. "ನನ್ನ ಕೂಸು ಇಲ್ಲೈತಿ."